ಈಜುಕೊಳ: ಟಿಕೆಟ್ ಕೊಡೋರಿದ್ದಾರೆ, ಕಾಯೋರಿದ್ದಾರಾ?

ಗಡಿ ಭಾಗದ ಪಾಲಕರೇ, ಮಕ್ಕಳನ್ನು ನೀರಿಗೆ ಇಳಿಸುವ ಮುನ್ನ ಐದು ನಿಮಿಷ ವಿಚಾರಿಸಿ

ಹೊಸೂರು: ಏಪ್ರಿಲ್ ಎರಡನೇ ವಾರ ಬಂತೆಂದರೆ ಅತ್ತಿಬೆಲೆ ಗಡಿಯ ಆಚೆ ಶಾಲೆಗಳಿಗೆ ಬೀಗ. ಈಚೆ ಹೊಸೂರು, ಡೆಂಕಣಿಕೋಟೆ, ತಳಿ ಕಡೆಯ ಮಕ್ಕಳಿಗೆ ಆಗಿನ್ನೂ ಪರೀಕ್ಷೆಯ ಬಿಸಿ. ಮೇ ತಿಂಗಳಲ್ಲಿ ಎರಡೂ ರಾಜ್ಯಗಳ ರಜೆ ಒಂದಾಗುತ್ತದೆ. ಆನೇಕಲ್‌ನ ಅಕ್ಕನ ಮಕ್ಕಳು, ಮಾಲೂರಿನ ತಮ್ಮನ ಮಕ್ಕಳು ಸೂಳಗಿರಿಯ ಅಜ್ಜಿ ಮನೆಗೆ ಬಂದಿಳಿಯುತ್ತಾರೆ. ಹತ್ತು ಹನ್ನೆರಡು ಪುಟಾಣಿಗಳ ದಂಡು. ಹೊರಗೆ ಸುಡುಬಿಸಿಲು, ಒಳಗೆ ಟಿ.ವಿ. ಮುಂದೆ ಜಗಳ. ಎರಡನೇ ದಿನಕ್ಕೇ ಬೇಡಿಕೆ ಶುರು: 'ಮಾಮಾ, ಸ್ವಿಮ್ಮಿಂಗ್ ಪೂಲ್‌ಗೆ ಕರ್ಕೊಂಡು ಹೋಗು ಮಾಮಾ!'

ಮಾಮ ಕರೆದುಕೊಂಡು ಹೋಗುತ್ತಾನೆ. ರೆಸಾರ್ಟ್, ತೋಟದ ಮನೆ, ಕ್ಲಬ್ಬು, ಅಪಾರ್ಟ್‌ಮೆಂಟು, ವಾಟರ್ ಪಾರ್ಕು, ಈಜುಕೊಳ ಈಗ ಎಲ್ಲೆಲ್ಲೂ ಇದೆ. ಕೌಂಟರ್‌ನಲ್ಲಿ ನಡೆಯುವ ಮಾತುಕತೆ ಬಹುತೇಕ ಹೀಗೆ:

'ಎಷ್ಟು ಆಳ ಐತಣ್ಣಾ?'

'ಜಾಸ್ತಿ ಏನಿಲ್ಲ ಸಾರ್. ಆ ಕಡೆ ಒಂಚೂರು ಆಳ. ಮಕ್ಕಳನ್ನ ಈ ಕಡೇನೇ ಬಿಡಿ.'

'ನೋಡ್ಕೊಳ್ಳೋಕೆ ಯಾರಾದ್ರೂ ಇರ್ತಾರಾ?'

'ಹುಡುಗ ಇದಾನೆ ಸಾರ್. ಟೀ ಕುಡಿಯೋಕೆ ಹೋಗಿದಾನೆ, ಬರ್ತಾನೆ.'

ಅಲ್ಲಿಗೆ ವಿಚಾರಣೆ ಮುಗಿಯಿತು. 'ಒಂಚೂರು ಆಳ' ಅಂದರೆ ಎಷ್ಟಡಿ? ಟೀ ಕುಡಿಯಲು ಹೋದ ಹುಡುಗನಿಗೆ ಈಜು ಬರುತ್ತದೆಯೇ? ಮುಳುಗಿದವರನ್ನು ಮೇಲೆತ್ತಿ ಉಸಿರು ಕೊಡುವುದು ಗೊತ್ತಿದೆಯೇ? ಈ ಕೊಳಕ್ಕೆ ಲೈಸೆನ್ಸ್ ಕೊಟ್ಟವರು ಯಾರು? ಟಿಕೆಟ್ ದರದಲ್ಲಿ ಹತ್ತು ರೂಪಾಯಿ ಚೌಕಾಸಿ ಮಾಡುವ ನಾವು ಇವನ್ನು ಮಾತ್ರ ಕೇಳುವುದಿಲ್ಲ.

ಬಾವಿಯಿಂದ ಕೊಳಕ್ಕೆ

ಹಿಂದಿನ ತಲೆಮಾರು ಈಜು ಕಲಿತಿದ್ದು ಊರ ಬಾವಿಯಲ್ಲಿ. ಸೊಂಟಕ್ಕೆ ಒಣಗಿದ ಸೋರೆ ಬುರುಡೆ, ಇಲ್ಲವೇ ಲಾರಿ ಟ್ಯೂಬು. ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ದಡದಲ್ಲಿ ನಿಂತ ದೊಡ್ಡಪ್ಪನ ಕೈಯಲ್ಲಿ. ಆ ಬಾವಿಗೆ ನಿಯಮ ಇರಲಿಲ್ಲ, ಪರವಾನಗಿ ಇರಲಿಲ್ಲ. ಆದರೆ ಒಂದು ಮಗುವಿಗೆ ಒಬ್ಬ ಕಾವಲುಗಾರ ಇದ್ದ. ಅವನ ಕಣ್ಣು ಹಗ್ಗದ ಮೇಲೇ ಇರುತ್ತಿತ್ತು.

ಬೋರ್‌ವೆಲ್ ಬಂದ ಮೇಲೆ ತೆರೆದ ಬಾವಿಗಳು ಬತ್ತಿದವು, ಎಷ್ಟೋ ಕಡೆ ಕಸದ ಗುಂಡಿಯಾದವು. ಕಾರ್ಖಾನೆ ಬಂದವು, ಬಡಾವಣೆ ಎದ್ದವು. 2004ರಲ್ಲಿ ಧರ್ಮಪುರಿಯಿಂದ ಬೇರೆಯಾಗಿ ಕೃಷ್ಣಗಿರಿ ಜಿಲ್ಲೆಯಾಯಿತು. 2019ರಲ್ಲಿ ಹೊಸೂರು ಮಹಾನಗರ ಪಾಲಿಕೆಯಾಯಿತು. ಬೆಂಗಳೂರಿಗೆ ನಲವತ್ತು ಕಿಲೋಮೀಟರ್ ದೂರದ ಊರಿಗೆ ಬೆಂಗಳೂರಿನ ವಾರಾಂತ್ಯದ ಜನ ಬಂದರು, ಅವರ ಹಿಂದೆಯೇ ನೀಲಿ ಟೈಲ್ಸಿನ ಕೊಳಗಳೂ ಬಂದವು. ನೀರು ಬಾವಿಗಿಂತ ತಿಳಿಯಾಗಿದೆ, ಮೆಟ್ಟಿಲು ಚೆಂದವಾಗಿದೆ. ಹಗ್ಗ ಹಿಡಿದ ದೊಡ್ಡಪ್ಪ ಮಾತ್ರ ಕಾಣೆಯಾಗಿದ್ದಾನೆ. ಅವನ ಜಾಗವನ್ನು ಕಾನೂನು ತುಂಬಬೇಕಿತ್ತು. ತುಂಬಿದೆಯೇ?

ತಮಿಳುನಾಡಿನಲ್ಲಿ ನಿಯಮ ಇದೆ

ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಇದು. ತಮಿಳುನಾಡಿನಲ್ಲಿ ಈಜುಕೊಳಗಳಿಗೆಂದೇ ಪ್ರತ್ಯೇಕ ನಿಯಮಗಳಿವೆ. 2012ರ ಆಗಸ್ಟ್‌ನಲ್ಲಿ ಚೆನ್ನೈನ ಶಾಲೆಯೊಂದರ ಈಜುಕೊಳದಲ್ಲಿ, ಈಜು ತರಗತಿಯ ವೇಳೆಯಲ್ಲೇ, ನಾಲ್ಕನೇ ತರಗತಿಯ ಬಾಲಕನೊಬ್ಬ ಮುಳುಗಿ ಸತ್ತ. ಸುತ್ತ ಶಿಕ್ಷಕರಿದ್ದರು, ಸಹಪಾಠಿಗಳಿದ್ದರು. ಇಡೀ ರಾಜ್ಯ ಬೆಚ್ಚಿಬಿತ್ತು. ವಿಷಯ ಮದ್ರಾಸ್ ಹೈಕೋರ್ಟ್ ಮೆಟ್ಟಿಲೇರಿತು. ಕೊನೆಗೆ 2015ರಲ್ಲಿ ಸರ್ಕಾರ ಈಜುಕೊಳ ನಿಯಮಗಳನ್ನು ಹೊರಡಿಸಿತು. ಸ್ಥಳೀಯ ಸಂಸ್ಥೆಯಿಂದ ಪರವಾನಗಿ ಪಡೆಯದೆ ಕೊಳ ನಡೆಸುವಂತಿಲ್ಲ, ಜೀವರಕ್ಷಕರು ಇರಲೇಬೇಕು, ನೀರು ಶುದ್ಧವಾಗಿರಬೇಕು ಎಂಬುದು ಇವುಗಳ ತಿರುಳು.

ಅಂದರೆ ಹೊಸೂರು ಪಾಲಿಕೆ ವ್ಯಾಪ್ತಿಯಲ್ಲಿ ಈ ಪ್ರಶ್ನೆಗೆ ಪಾಲಿಕೆ ಉತ್ತರಿಸಬೇಕು, ಕೃಷ್ಣಗಿರಿ ಪಟ್ಟಣದಲ್ಲಿ ನಗರಸಭೆ, ಹಳ್ಳಿಯ ತೋಟದ ರೆಸಾರ್ಟ್ ಆದರೆ ಆ ಭಾಗದ ಪಂಚಾಯಿತಿ. 'ಇದು ಖಾಸಗಿ ಜಾಗ, ಕೇಳೋಕೆ ನೀವ್ಯಾರು?' ಎಂಬ ಮಾತಿಗೆ ಇಲ್ಲಿ ಬೆಲೆ ಇಲ್ಲ. ದುಡ್ಡು ಪಡೆದು ಜನರನ್ನು ನೀರಿಗೆ ಬಿಟ್ಟ ಮೇಲೆ ಅದು ಸಾರ್ವಜನಿಕರ ಜೀವದ ಪ್ರಶ್ನೆ.

ಗಡಿ ದಾಟಿದರೆ ಚಿತ್ರ ಬೇರೆ. ಕರ್ನಾಟಕದ ಕಡೆ ಪುರಸಭೆ, ಪಂಚಾಯಿತಿಗಳ ಉದ್ದಿಮೆ ಪರವಾನಗಿ, ರೆಸಾರ್ಟ್ ಆದರೆ ಪ್ರವಾಸೋದ್ಯಮ ಇಲಾಖೆಯ ಅನುಮತಿ ಮುಂತಾದ ಕಾಗದಗಳು ಬರುತ್ತವೆ. ಅವುಗಳಲ್ಲಿ ಕೊಳದ ಆಳ ಬರೆದಿದೆಯೇ, ಜೀವರಕ್ಷಕ ಇದ್ದಾನೆಯೇ ಎಂದು ನೋಡುವ ಕಣ್ಣು ಬೇಕು. ಆ ಕಣ್ಣು ತೆರೆಯುವುದು ಹೆಣ ಮೇಲೆ ಬಂದ ನಂತರವೇ ಎಂಬುದು ಕಹಿ ಅನುಭವ.

ಎರಡು ಸಾವಿನ ಪಾಠ

2024ರ ನವೆಂಬರ್ 17, ಭಾನುವಾರ. ಮಂಗಳೂರು ಬಳಿಯ ಉಳ್ಳಾಲ ಪ್ರದೇಶದ ಕಡಲ ತೀರದ ರೆಸಾರ್ಟ್ ಒಂದರಲ್ಲಿ ತಂಗಿದ್ದ ಮೈಸೂರಿನ ಮೂವರು ಯುವತಿಯರು ಈಜುಕೊಳಕ್ಕೆ ಇಳಿದರು. ಒಬ್ಬಳು ಆಳದ ಕಡೆ ಜಾರಿದಳು. ಆಕೆಯನ್ನು ಹಿಡಿಯಲು ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು ಹೋದರು. ಮೂವರೂ ಬದುಕಲಿಲ್ಲ. ಎಲ್ಲವೂ ಸಿಸಿಟಿವಿಯಲ್ಲಿ ದಾಖಲಾಗಿತ್ತು. ಕ್ಯಾಮೆರಾ ನೋಡುತ್ತಿತ್ತು, ಮನುಷ್ಯರು ಯಾರೂ ನೋಡುತ್ತಿರಲಿಲ್ಲ. ಜೀವರಕ್ಷಕರಿರಲಿಲ್ಲ, ಆಳದ ಸೂಚನೆಯೂ ಇರಲಿಲ್ಲ ಎಂದು ಪೊಲೀಸರು ತಿಳಿಸಿದರು. ಮಾಲೀಕ, ವ್ಯವಸ್ಥಾಪಕರ ಬಂಧನವಾಯಿತು, ರೆಸಾರ್ಟ್‌ಗೆ ಬೀಗ ಬಿತ್ತು. ಹೆತ್ತವರಿಗೆ ಅದರಿಂದ ಬಂದದ್ದೇನು?

ಇನ್ನೊಂದು ಘಟನೆ ಇನ್ನೂ ಹತ್ತಿರದ್ದು. 2023ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ವರ್ತೂರು ಬಳಿಯ ಅಪಾರ್ಟ್‌ಮೆಂಟ್ ಸಮುಚ್ಚಯದ ಈಜುಕೊಳದಲ್ಲಿ ಬಾಲಕಿಯೊಬ್ಬಳು ಸಾವನ್ನಪ್ಪಿದಳು. ಮೊದಲಿಗೆ ಮುಳುಗಿದಳು ಎಂದೇ ಎಲ್ಲರೂ ಅಂದುಕೊಂಡರು. ವಿದ್ಯುತ್ ತಗುಲಿದೆ ಎಂದು ಕುಟುಂಬದವರು ಪಟ್ಟುಹಿಡಿದರು. ತನಿಖೆ ಆ ದಿಕ್ಕಿನಲ್ಲಿ ಸಾಗಿ, 2024ರ ಫೆಬ್ರವರಿಯಲ್ಲಿ ನಿವಾಸಿಗಳ ಸಂಘದ ಪದಾಧಿಕಾರಿ ಸೇರಿದಂತೆ ಹಲವರನ್ನು ಪೊಲೀಸರು ಬಂಧಿಸಿದರು.

ಮೊದಲನೆಯದರ ಪಾಠ: ಮುಳುಗುವವರನ್ನು ಉಳಿಸಲು ಈಜು ಬಾರದವರು ಹಾರಬಾರದು. ದುಪ್ಪಟ್ಟ, ಟವೆಲ್, ಬಿದಿರು ಕೋಲು, ಟ್ಯೂಬು, ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆಯಬೇಕು, ಕೂಗಬೇಕು. ಎರಡನೆಯದರ ಪಾಠ: ಕೊಳದಲ್ಲಿ ಅಪಾಯ ನೀರೊಂದೇ ಅಲ್ಲ.

ಕಣ್ಣಿಗೆ ಕಾಣದ ಅಪಾಯಗಳು

ಕರೆಂಟು: ಕೊಳದೊಳಗಿನ ದೀಪಕ್ಕೆ ಮನೆಯ 230 ವೋಲ್ಟ್ ಕೊಡುವಂತಿಲ್ಲ. ನೀರಿನೊಳಗಿನ ದೀಪಕ್ಕೆ 12 ವೋಲ್ಟ್ ಮೀರದ ಸರಬರಾಜು ಇರಬೇಕು ಎಂಬುದು ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ. ಪಂಪು, ದೀಪದ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಬೇಕು. ಸೋರುವ ಕರೆಂಟನ್ನು ಗುರುತಿಸಿ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿತ ಮಾಡುವ ಸಾಧನ ಇದು. ಕೊಳದ ಪಕ್ಕ ತೇಪೆ ಹಾಕಿದ ವೈರು, ಬಾಯಿ ತೆರೆದ ಸ್ವಿಚ್ ಬಾಕ್ಸು, ನೆಲದ ಮೇಲೆ ಎಳೆದ ಡಿ.ಜೆ. ಕೇಬಲ್ಲು ಕಂಡರೆ ಅಲ್ಲಿಂದ ವಾಪಸ್ ಬರುವುದೇ ಜಾಣತನ.

ತಳದ ಜಾಲರಿ: ಕೊಳದ ತಳದಿಂದ ಪಂಪು ನೀರನ್ನು ಎಳೆಯುತ್ತದೆ. ಜಾಲರಿ ಒಡೆದಿದ್ದರೆ ಮಗುವಿನ ಕೂದಲು, ಕೈ, ಬಟ್ಟೆ ಸಿಕ್ಕಿಕೊಳ್ಳುತ್ತದೆ. ಆ ಸೆಳೆತಕ್ಕೆ ದೊಡ್ಡವರೂ ಬಿಡಿಸಲಾರರು. ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್ ಅವರ ಏಳು ವರ್ಷದ ಮೊಮ್ಮಗಳು 2002ರಲ್ಲಿ ಹೀಗೆ ಬಿಸಿನೀರ ತೊಟ್ಟಿಯಲ್ಲಿ ಸಿಲುಕಿ ಸತ್ತಳು. 2007ರಲ್ಲಿ ಅಲ್ಲಿ ಆಕೆಯ ಹೆಸರಿನಲ್ಲೇ ಕಾನೂನು ಬಂತು. ಸಾರ್ವಜನಿಕ ಕೊಳಗಳ ತಳಕ್ಕೆ ಸೆಳೆತ ತಡೆಯುವ ವಿಶೇಷ ಮುಚ್ಚಳ ಕಡ್ಡಾಯವಾಯಿತು. ಇಲ್ಲಿ ನಾವು ಮಾಡಬಹುದಾದದ್ದು ಸರಳ. ಜಾಲರಿ ಗಟ್ಟಿಯಿದೆಯೇ ಎಂದು ಕೇಳುವುದು, ಉದ್ದ ಕೂದಲಿನ ಹೆಣ್ಣುಮಕ್ಕಳಿಗೆ ಟೋಪಿ ಹಾಕಿಸುವುದು, ಪಂಪು ನಿಲ್ಲಿಸುವ ಸ್ವಿಚ್ ಎಲ್ಲಿದೆ ಎಂದು ತಿಳಿದುಕೊಳ್ಳುವುದು.

ಭಾಷೆ: ಇದು ಗಡಿಯ ವಿಶೇಷ. ಫಲಕದಲ್ಲಿ 'ನೀಚ್ಚಲ್ ಕುಳಂ' ಎಂದು ತಮಿಳಿನಲ್ಲಿ ಬರೆದಿರುತ್ತದೆ. ಹೊಸೂರಿನ ಕನ್ನಡದ ಮಕ್ಕಳು ಶಾಲೆಯಲ್ಲಿ ತಮಿಳು ಕಲಿಯುತ್ತಾರೆ, ಓದಿಕೊಳ್ಳುತ್ತಾರೆ. ಆನೇಕಲ್‌ನಿಂದ ಬಂದ ಮಗುವಿಗೆ ಅದು ಬರೀ ಚಿತ್ತಾರ. 'ಆಳಂ' ಎಂದು ಕೂಗಿ ಹೇಳಿದರೆ ಕನ್ನಡದವರಿಗೂ ಅರ್ಥವಾದೀತು, ಅಕ್ಷರ ಮಾತ್ರ ಅರ್ಥವಾಗದು. ಸಾಲದ್ದಕ್ಕೆ ಅಂಕಿ ಒಂದು ಕಡೆ ಅಡಿಯಲ್ಲಿ, ಇನ್ನೊಂದು ಕಡೆ ಮೀಟರ್‌ನಲ್ಲಿ. '1.5' ಎಂದು ಬರೆದಿದ್ದನ್ನು ಒಂದೂವರೆ ಅಡಿ ಅಂದುಕೊಂಡರೆ ಕಥೆ ಮುಗಿಯಿತು. ಅದು ಒಂದೂವರೆ ಮೀಟರ್, ಸುಮಾರು ಐದಡಿ. ಹತ್ತು ವರ್ಷದ ಮಗುವಿನ ತಲೆಯ ಮೇಲೆ ನೀರು. ಗಡಿ ಭಾಗದ ಕೊಳಗಳಲ್ಲಿ ತಮಿಳು, ಕನ್ನಡ, ತೆಲುಗು ಮೂರರಲ್ಲೂ ಆಳ ಬರೆಸಲು ದೊಡ್ಡ ಖರ್ಚೇನೂ ಇಲ್ಲ. ಬಣ್ಣದ ಒಂದು ಡಬ್ಬ ಸಾಕು.

ನೀರು ನೀಲಿ ಇದ್ದರೆ ಸಾಲದು

25 ಮೀಟರ್ ಉದ್ದ, 10 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳಕ್ಕೆ ಹಿಡಿಯುವ ನೀರು 3.75 ಲಕ್ಷ ಲೀಟರ್. 12 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಮೂವತ್ತೊಂದು ಲೋಡ್. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಪರದಾಡುವ ಊರಿನಲ್ಲಿ ದಿನಾ ನೀರು ಬದಲಿಸುವ ಮಾತೇ ಇಲ್ಲ. ಅದೇ ನೀರನ್ನು ಸೋಸಿ, ಕ್ಲೋರಿನ್ ಹಾಕಿ ಮತ್ತೆ ಮತ್ತೆ ಬಳಸಬೇಕು. ಅದರಲ್ಲಿ ತಪ್ಪಿಲ್ಲ, ಪ್ರಪಂಚದ ಎಲ್ಲ ಕಡೆ ನಡೆಯುವುದು ಹಾಗೆಯೇ. ಆದರೆ ಸರಿಯಾಗಿ ಮಾಡಬೇಕು.

ಈಜುಕೊಳದ ನೀರಿನ ಗುಣಮಟ್ಟಕ್ಕೆ ಭಾರತೀಯ ಮಾನಕ ಬ್ಯೂರೋದ ಐಎಸ್ 3328 ಎಂಬ ಮಾನದಂಡ ಇದೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಈಜುಕೊಳಗಳಿಗೆಂದೇ ಮಾರ್ಗಸೂಚಿ ಪ್ರಕಟಿಸಿದೆ. ಕ್ಲೋರಿನ್ ಬಳಸುವ ಕೊಳದಲ್ಲಿ ನೀರಿನ ಪಿ.ಎಚ್. 7.2ರಿಂದ 7.8ರ ನಡುವೆ ಇರಬೇಕು ಎನ್ನುತ್ತದೆ ಅದು. ಪಿ.ಎಚ್. ಏರಿದರೆ ಕ್ಲೋರಿನ್ ಇದ್ದೂ ಕೆಲಸ ಮಾಡುವುದಿಲ್ಲ. ಲೀಟರಿಗೆ ಒಂದು ಮಿಲಿಗ್ರಾಂ ಆಸುಪಾಸು ಮುಕ್ತ ಕ್ಲೋರಿನ್ ನೀರಿನಲ್ಲಿ ಉಳಿದಿರಬೇಕು. ಮೇಲೆ ಹೇಳಿದ ಕೊಳಕ್ಕೆ ಅಷ್ಟು ಬರಬೇಕಾದರೆ ತಾಜಾ ಬ್ಲೀಚಿಂಗ್ ಪೌಡರ್ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಬೇಕು. ಆದರೆ ಹಳೆಯ ಮೂಟೆಯಲ್ಲಿ ಸತ್ವ ಇಳಿದಿರುತ್ತದೆ, ಬಿಸಿಲಿಗೆ ಕ್ಲೋರಿನ್ ಹಾರಿಹೋಗುತ್ತದೆ, ಜನ ಹೆಚ್ಚಿದಂತೆ ಕರಗುತ್ತದೆ. 'ಬೆಳಿಗ್ಗೆ ಒಂದು ಬೊಗಸೆ ಹಾಕಿದೀವಿ' ಎಂಬ ಲೆಕ್ಕ ನಡೆಯದು. ಅಳೆಯಬೇಕು. ಅಳೆಯುವ ಕಿಟ್ ದುಬಾರಿಯೂ ಅಲ್ಲ. ದಿನಕ್ಕೆ ಇಷ್ಟು ಸಲ ಅಳೆದೆವು ಎಂದು ಬರೆದ ರಿಜಿಸ್ಟರ್ ಇದ್ದರೆ ಆ ಕೊಳದವರನ್ನು ನಂಬಬಹುದು.

ಇನ್ನೊಂದು ತಪ್ಪು ತಿಳಿವಳಿಕೆ: ಕ್ಲೋರಿನ್ ವಾಸನೆ ಘಮ್ಮೆಂದರೆ ನೀರು ಶುದ್ಧ ಎನ್ನುವುದು. ವಾಸ್ತವ ಉಲ್ಟಾ. ಬೆವರು, ಮೂತ್ರದೊಂದಿಗೆ ಕ್ಲೋರಿನ್ ಸೇರಿದಾಗ ಹುಟ್ಟುವ ಕ್ಲೋರಮೈನ್‌ನದೇ ಆ ಘಾಟು. ಕಣ್ಣು ಉರಿಯುವುದೂ ಅದರಿಂದಲೇ. ಆದ್ದರಿಂದಲೇ ಇಳಿಯುವ ಮುನ್ನ ಸ್ನಾನ ಮಾಡಿ ಎನ್ನುವುದು, ಮಕ್ಕಳನ್ನು ಮೊದಲೇ ಶೌಚಾಲಯಕ್ಕೆ ಕಳಿಸಿ ಎನ್ನುವುದು. ಈ ವಿಷಯದಲ್ಲಿ ಮಾಲೀಕರಷ್ಟೇ ನಮ್ಮದೂ ತಪ್ಪಿದೆ.

ನೀರಿನ ಅಸಡ್ಡೆ ಜೀವಕ್ಕೂ ಎರವಾಗಬಹುದು. 2024ರ ಮೇ-ಜುಲೈ ನಡುವೆ ಕೇರಳದಲ್ಲಿ ಮೂವರು ಮಕ್ಕಳು ಅಮೀಬಾದಿಂದ ಬರುವ ಮಿದುಳು ಸೋಂಕಿಗೆ ಬಲಿಯಾದರು. ಬೆಚ್ಚಗಿನ ಸಿಹಿನೀರಿನಲ್ಲಿ ಬೆಳೆಯುವ ಈ ಅಮೀಬಾ ಮೂಗಿನ ಮೂಲಕ ಮಿದುಳಿಗೆ ಏರುತ್ತದೆ. ನೀರು ಕುಡಿದರೆ ಬರುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ತೀರಾ ಅಪರೂಪ, ಆದರೆ ಬಂದರೆ ಬದುಕುಳಿಯುವವರು ಕಡಿಮೆ. ಆ ಸಂದರ್ಭದಲ್ಲಿ ತಮಿಳುನಾಡು ಸಾರ್ವಜನಿಕ ಆರೋಗ್ಯ ಇಲಾಖೆಯೂ ಈಜುಕೊಳಗಳಿಗೆ ಸರಿಯಾಗಿ ಕ್ಲೋರಿನ್ ಹಾಕುವಂತೆ ಸೂಚನೆ ನೀಡಿತ್ತು. ಪಾಚಿ ಕಟ್ಟಿದ, ತಳ ಕಾಣದ ಕೊಳಕ್ಕೆ ಮಕ್ಕಳನ್ನು ಇಳಿಸಬಾರದು. ಈಜಿದ ಕೆಲವೇ ದಿನಗಳಲ್ಲಿ ಜ್ವರ, ತೀವ್ರ ತಲೆನೋವು, ವಾಂತಿ, ಕುತ್ತಿಗೆ ಬಿಗಿತ ಬಂದರೆ ಈಜಿದ ವಿಷಯವನ್ನು ಡಾಕ್ಟರಿಗೆ ಹೇಳಲೇಬೇಕು.

ಕೂಗು ಕೇಳಿಸುವುದಿಲ್ಲ

ಸಿನಿಮಾದಲ್ಲಿ ಮುಳುಗುವವರು ಕೈ ಬೀಸುತ್ತಾರೆ, 'ಕಾಪಾಡಿ' ಎಂದು ಕೂಗುತ್ತಾರೆ. ನಿಜದಲ್ಲಿ ಹಾಗಾಗುವುದಿಲ್ಲ. ಉಸಿರಿಗೇ ಸಮಯ ಸಾಲದಾಗ ಕೂಗುವುದೆಲ್ಲಿ ಬಂತು? ಮಗು ನೆಟ್ಟಗೆ ನಿಂತಂತೆ, ತಲೆ ಹಿಂದಕ್ಕೆ ವಾಲಿಸಿ, ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುತ್ತದೆ. ದೂರದಿಂದ ನೋಡಿದರೆ ಆಟ ಆಡುವಂತೆಯೇ ಕಾಣುತ್ತದೆ. ಇದೆಲ್ಲ ನಡೆಯುವುದು 20ರಿಂದ 60 ಸೆಕೆಂಡಿನಲ್ಲಿ. ಒಂದು ವಾಟ್ಸ್ಆಪ್ ಸಂದೇಶ ಓದಿ ಉತ್ತರ ಬರೆಯುವಷ್ಟು ಹೊತ್ತು. ನಾಲ್ಕಾರು ನಿಮಿಷ ಆಮ್ಲಜನಕ ಸಿಗದಿದ್ದರೆ ಮಿದುಳಿಗೆ ಪೆಟ್ಟು.

ಆದ್ದರಿಂದಲೇ ಜೀವರಕ್ಷಕ ಎಂದರೆ ಬರೀ ಈಜು ಬಲ್ಲವನಲ್ಲ. ತನ್ನ ಪಾಲಿನ ನೀರನ್ನು ಹತ್ತು ಸೆಕೆಂಡಿಗೊಮ್ಮೆ ಪೂರ್ತಿ ಕಣ್ಣಾಡಿಸಬೇಕು, ಅಪಾಯ ಕಂಡರೆ ಇಪ್ಪತ್ತು ಸೆಕೆಂಡಿನಲ್ಲಿ ಅಲ್ಲಿಗೆ ತಲುಪಬೇಕು ಎಂಬುದು ಜೀವರಕ್ಷಕ ತರಬೇತಿಯಲ್ಲಿ ಕಲಿಸುವ ಸೂತ್ರ. ಟಿಕೆಟ್ ಹರಿಯುವವನು, ಟವೆಲ್ ಕೊಡುವವನು, ಜ್ಯೂಸ್ ತರುವವನು ಆ ಕೆಲಸ ಮಾಡಲಾಗದು. ಹತ್ತು ಮಕ್ಕಳಿಗೆ ಕಾಲು ಬಡಿಯುವುದನ್ನು ಕಲಿಸುತ್ತಿರುವ ಕೋಚ್ ಕೂಡ ಅದೇ ಹೊತ್ತಿಗೆ ಜೀವರಕ್ಷಕನಾಗಲಾರ.

ಮೇಲೆತ್ತಿದ ಮೇಲೂ ತಪ್ಪು ನಡೆಯುತ್ತದೆ. ನಮ್ಮ ಕಡೆ ಇನ್ನೂ ಮಗುವನ್ನು ತಲೆಕೆಳಗು ಹಿಡಿದು ತಿರುಗಿಸುವುದು, ಹೊಟ್ಟೆ ಅಮುಕಿ ನೀರು ಕಕ್ಕಿಸುವುದು ಇದೆ. ಇದರಿಂದ ಅಮೂಲ್ಯ ನಿಮಿಷಗಳು ಹಾಳು. ಹೊಟ್ಟೆಯ ನೀರು ಶ್ವಾಸಕೋಶಕ್ಕೆ ಹೋಗುವ ಅಪಾಯ ಬೇರೆ. ಮುಳುಗಿದವರಿಗೆ ಮೊದಲು ಬೇಕಾದದ್ದು ಗಾಳಿ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಬೇಕು, ನಂತರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲದ ವೇಗದಲ್ಲಿ ಒತ್ತಬೇಕು. 30 ಸಲ ಒತ್ತುವುದು, 2 ಸಲ ಉಸಿರು ಕೊಡುವುದು, ಆಂಬುಲೆನ್ಸ್ ಬರುವ ತನಕ ನಿಲ್ಲಿಸದೆ ಮುಂದುವರಿಸುವುದು. 108 ಮತ್ತು 112 ಎರಡೂ ರಾಜ್ಯದಲ್ಲಿ ಒಂದೇ ನಂಬರು. ಗಡಿಯಲ್ಲಿ ಮೊಬೈಲ್‌ಗೆ ಯಾವ ರಾಜ್ಯದ ಟವರ್ ಸಿಕ್ಕಿದೆಯೋ ಹೇಳಲಾಗದು. ಹಾಗಾಗಿ ಫೋನ್ ಎತ್ತಿದ ಕೂಡಲೇ 'ಹೊಸೂರು, ತಮಿಳುನಾಡು' ಅಥವಾ 'ಅತ್ತಿಬೆಲೆ, ಕರ್ನಾಟಕ' ಎಂದು ಊರು-ರಾಜ್ಯ ಮೊದಲು ಹೇಳಿ. ಚೇತರಿಸಿಕೊಂಡ ಮಗುವನ್ನೂ ಆಸ್ಪತ್ರೆಗೆ ತೋರಿಸಲೇಬೇಕು.

ಕೇಸು ಯಾವ ರಾಜ್ಯದಲ್ಲಿ?

ಮನೆ ಕರ್ನಾಟಕದಲ್ಲಿ, ಅನಾಹುತ ತಮಿಳುನಾಡಿನಲ್ಲಿ. ಗಡಿ ಕುಟುಂಬಗಳನ್ನು ಕಾಡುವ ಪ್ರಶ್ನೆ ಇದು. 'ಅಲ್ಲಿಗೆ ಅಲೆಯೋರು ಯಾರು, ಭಾಷೆ ಬರಲ್ಲ' ಎಂದು ಎಷ್ಟೋ ಜನ ಕೈಬಿಡುತ್ತಾರೆ. ಕಾನೂನು ಈಗ ಬದಲಾಗಿದೆ, ತಿಳಿದಿರಲಿ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಪ್ರಕಾರ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದವರಿಗೆ ಐದು ವರ್ಷದವರೆಗೆ ಜೈಲು. ಹಳೆಯ ದಂಡ ಸಂಹಿತೆಯಲ್ಲಿ ಇದು ಎರಡು ವರ್ಷವಿತ್ತು. ಅದೇ ದಿನ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ದೂರು ದಾಖಲಿಸಬಹುದು. 'ಇದು ನಮ್ಮ ಲಿಮಿಟ್ಸ್ ಅಲ್ಲ' ಎನ್ನುವಂತಿಲ್ಲ.

ಪರಿಹಾರಕ್ಕೆ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ಹೊಸೂರಿನ ಕೊಳದಲ್ಲಿ ತೊಂದರೆಯಾದ ಆನೇಕಲ್ ಕುಟುಂಬ ಬೆಂಗಳೂರಿನಲ್ಲೇ ದೂರು ಸಲ್ಲಿಸಬಹುದು. ಮಾಲೂರಿನ ಕೊಳದಲ್ಲಿ ಏನಾದರೂ ಆದರೆ ಸೂಳಗಿರಿಯವರು ಕೃಷ್ಣಗಿರಿಯಲ್ಲೇ ಕೊಡಬಹುದು. ಗಡುವು ಎರಡು ವರ್ಷ. ಸೇವೆಗೆ ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಆದ್ದರಿಂದ ಟಿಕೆಟ್ ಚೂರನ್ನು ಬಿಸಾಡಬೇಡಿ. ಯುಪಿಐ ರಸೀದಿಯೂ ಸಾಕ್ಷಿಯೇ.

'ಅನಾಹುತಕ್ಕೆ ನಾವು ಜವಾಬ್ದಾರರಲ್ಲ' ಎಂಬ ಬೋರ್ಡು ಕಂಡು ಹೆದರಬೇಕಿಲ್ಲ. ಬೋರ್ಡು ಬರೆಸಿದ ಮಾತ್ರಕ್ಕೆ ನಿರ್ಲಕ್ಷ್ಯದ ಹೊಣೆ ಕಳಚುವುದಿಲ್ಲ. 1995ರಲ್ಲಿ ಶಾಲಾ ಪ್ರವಾಸಕ್ಕೆ ಹೋದ 14 ಮಕ್ಕಳು ಪಂಜಾಬಿನಲ್ಲಿ ಬಿಯಾಸ್ ನದಿಯಲ್ಲಿ ಮುಳುಗಿ ಸತ್ತ ಪ್ರಕರಣದಲ್ಲಿ ಪ್ರತಿ ಮಗುವಿಗೆ 5 ಲಕ್ಷ ರೂಪಾಯಿ ಪರಿಹಾರವನ್ನು 2001ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಕ್ಕಳನ್ನು ಕರೆದೊಯ್ದ ಮೇಲೆ ಅವರನ್ನು ಕಾಯುವ ಹೊಣೆ ಶಾಲೆಯದೇ. ಬೇಸಿಗೆ ಶಿಬಿರ, ಟ್ಯೂಷನ್ ಪ್ರವಾಸ ನಡೆಸುವವರೂ ಈ ತೀರ್ಪನ್ನು ನೆನಪಿಡಬೇಕು.

ಅನಾಹುತಕ್ಕೆ ಮೊದಲೇ ಕೇಳಲು ಮಾಹಿತಿ ಹಕ್ಕು ಇದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. 'ನಿಮ್ಮ ವ್ಯಾಪ್ತಿಯಲ್ಲಿ ಪರವಾನಗಿ ಪಡೆದ ಈಜುಕೊಳಗಳು ಯಾವುವು? ಕೊನೆಯ ತಪಾಸಣೆ ಯಾವಾಗ?' ಈ ಎರಡು ಪ್ರಶ್ನೆ ಸಾಕು. ದೇಶದ ಯಾವುದೇ ಪ್ರಜೆ ಯಾವುದೇ ರಾಜ್ಯದಲ್ಲಿ ಕೇಳಬಹುದು. ಹೊಸೂರು, ಕೃಷ್ಣಗಿರಿ ಕಚೇರಿಗಾದರೆ ಅರ್ಜಿ ತಮಿಳು ಇಲ್ಲವೇ ಇಂಗ್ಲಿಷಿನಲ್ಲಿರಲಿ, ಆನೇಕಲ್ ಕಡೆಗಾದರೆ ಕನ್ನಡದಲ್ಲೇ ಬರೆಯಬಹುದು.

ನೀರಿಗಿಳಿಯುವ ಮುನ್ನ ನೋಡಿ

* ಪರವಾನಗಿ ಪತ್ರ ಗೋಡೆಯ ಮೇಲಿದೆಯೇ? ಅವಧಿ ಮುಗಿದಿಲ್ಲ ತಾನೇ?

* ಜೀವರಕ್ಷಕ ಈಗ, ಈ ಹೊತ್ತಿನಲ್ಲಿ ಇದ್ದಾನೆಯೇ? ಇಲ್ಲದಿದ್ದರೆ ಅವನು ಬರುವ ತನಕ ಯಾರೂ ಇಳಿಯುವುದು ಬೇಡ.

* ಆಳ ಬರೆದಿದೆಯೇ? ಅಡಿಯೋ, ಮೀಟರೋ? ಆಳ ಶುರುವಾಗುವ ಕಡೆ ಹಗ್ಗ ಕಟ್ಟಿದ್ದಾರೆಯೇ?

* ದಡದಲ್ಲಿ ನಿಂತರೆ ತಳದ ಜಾಲರಿ ಸ್ಪಷ್ಟವಾಗಿ ಕಾಣುತ್ತದೆಯೇ? ಕಾಣದ ನೀರಿನಲ್ಲಿ ಮುಳುಗಿದ ಮಗುವೂ ಕಾಣುವುದಿಲ್ಲ.

* ಎಸೆಯಲು ಟ್ಯೂಬು, ಚಾಚಲು ಉದ್ದ ಕೋಲು ಕೈಗೆಟಕುವಂತಿವೆಯೇ?

* ಮಕ್ಕಳ ಕೊಳಕ್ಕೆ, ದೊಡ್ಡವರ ಕೊಳಕ್ಕೆ ನಡುವೆ ಬೇಲಿ, ಗೇಟು ಇದೆಯೇ?

* ಗಾಳಿ ತುಂಬಿದ ತೋಳುಪಟ್ಟಿ, ಬಾತುಕೋಳಿ ಟ್ಯೂಬು ಆಟಿಕೆ ಅಷ್ಟೇ, ಜೀವರಕ್ಷಕ ಸಾಧನವಲ್ಲ.

* ಕುಡಿದವರು ನೀರಿನಲ್ಲಿದ್ದರೆ ಮಕ್ಕಳನ್ನು ಇಳಿಸಬೇಡಿ.

ಈಜು ಕಲಿಸುವುದೇ ಮದ್ದು

ಇಷ್ಟೆಲ್ಲ ಓದಿ 'ಕೊಳದ ಸಹವಾಸವೇ ಬೇಡಪ್ಪಾ' ಎಂದು ಮಕ್ಕಳನ್ನು ಮನೆಯಲ್ಲಿ ಕೂಡಿಹಾಕುವುದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಪ್ರಪಂಚದಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. ಭಾರತದಲ್ಲಿ 2022ರ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಲ್ಲಿ 38 ಸಾವಿರಕ್ಕೂ ಹೆಚ್ಚು. ಈಜುಕೊಳಗಳಷ್ಟೇ ಅಲ್ಲ, ಕೆರೆ, ಕುಂಟೆ, ಕಲ್ಲುಕ್ವಾರಿ, ನಾಲೆ, ಕೃಷಿ ಹೊಂಡಗಳೂ ಬಲಿ ಪಡೆಯುತ್ತವೆ. ಕೆಲವರಪಳ್ಳಿ ಅಣೆಕಟ್ಟು, ಕೃಷ್ಣಗಿರಿ ಅಣೆಕಟ್ಟು ಇರುವ ಜಿಲ್ಲೆಯಲ್ಲಿ, ದಕ್ಷಿಣ ಪಿನಾಕಿನಿ ಹರಿಯುವ ನಾಡಿನಲ್ಲಿ ನೀರಿನಿಂದ ದೂರ ಇರುತ್ತೇವೆ ಎನ್ನಲಾಗದು. ಶಾಲಾ ವಯಸ್ಸಿನ ಮಕ್ಕಳಿಗೆ ಈಜು ಕಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ತಮಿಳುನಾಡು ಕ್ರೀಡಾ ಅಭಿವೃದ್ಧಿ ಪ್ರಾಧಿಕಾರ ತನ್ನ ಕೊಳಗಳಲ್ಲಿ ಬೇಸಿಗೆ ತರಬೇತಿ ನಡೆಸುತ್ತದೆ, ವಿಚಾರಿಸಿ ಸೇರಿಸಬಹುದು. ಹೆಣ್ಣುಮಕ್ಕಳನ್ನು ದಡದಲ್ಲಿ ಕೂರಿಸಿ ಗಂಡುಮಕ್ಕಳನ್ನಷ್ಟೇ ಇಳಿಸುವ ಅಭ್ಯಾಸವೂ ನಿಲ್ಲಬೇಕು. ಉಳ್ಳಾಲದಲ್ಲಿ ಹೋದ ಮೂವರೂ ಹೆಣ್ಣುಮಕ್ಕಳೇ.

ಅಧಿಕಾರಿಗಳು ಮಾಡಬೇಕಾದದ್ದೂ ಇದೆ. ಏಪ್ರಿಲ್ ಬರುವ ಮುನ್ನವೇ ಪಾಲಿಕೆ, ನಗರಸಭೆ, ಪಂಚಾಯಿತಿಗಳು ತಮ್ಮ ವ್ಯಾಪ್ತಿಯ ಕೊಳಗಳ ತಪಾಸಣೆ ನಡೆಸಿ ಪರವಾನಗಿ ಪಡೆದವರ ಪಟ್ಟಿಯನ್ನು ಕಚೇರಿಯ ಮುಂದೆ ಅಂಟಿಸಲಿ. ಗಡಿಯ ಎರಡೂ ಕಡೆಯ ಅಧಿಕಾರಿಗಳು ವರ್ಷಕ್ಕೊಮ್ಮೆಯಾದರೂ ಈ ಬಗ್ಗೆ ಒಟ್ಟಿಗೆ ಕೂತು ಮಾತಾಡಲಿ. ಮಕ್ಕಳಿಗೆ ಗಡಿ ಕಾಣಿಸುವುದಿಲ್ಲ, ನೀರಿಗಂತೂ ಇಲ್ಲವೇ ಇಲ್ಲ.

ಅಲ್ಲಿಯ ತನಕ ಹಗ್ಗ ಹಿಡಿಯಬೇಕಾದವರು ಮನೆಯವರೇ. ದಂಡಿನಲ್ಲಿ ಹೋದಾಗ ಎಲ್ಲರೂ ನೋಡುತ್ತಿದ್ದಾರೆ ಎಂದು ಯಾರೂ ನೋಡುವುದಿಲ್ಲ. ಅದಕ್ಕೇ ಹದಿನೈದು ಹದಿನೈದು ನಿಮಿಷಕ್ಕೆ ಒಬ್ಬರಂತೆ ಪಾಳಿ ಹಾಕಿಕೊಳ್ಳಿ. ಪಾಳಿಯಲ್ಲಿದ್ದವರು ಫೋನ್ ಬ್ಯಾಗಿನಲ್ಲಿಟ್ಟು, ಕುರ್ಚಿಯನ್ನು ನೀರಿನ ಅಂಚಿಗೆ ಎಳೆದುಕೊಂಡು, ತಲೆ ಎಣಿಸುತ್ತಾ ಕೂರಲಿ. ಸೆಲ್ಫಿ ಆಮೇಲೆ ತೆಗೆಯಬಹುದು. ಹತ್ತು ಮಕ್ಕಳು ಹೋದ ಮನೆಗೆ ಸಂಜೆ ಹತ್ತೂ ಮಕ್ಕಳು ಒದ್ದೆ ತಲೆಯಲ್ಲಿ ವಾಪಸ್ ಬಂದು 'ಅಜ್ಜೀ, ಹಸಿವು' ಎಂದರೆ, ರಜೆಯಲ್ಲಿ ಅದಕ್ಕಿಂತ ದೊಡ್ಡ ಸುದ್ದಿ ಬೇಕೇ?